ರಾಲ್ಫ್ ಡೆನ್ಬಿಯ ಎಡಗೈ

ಕಾಟನ್‌ವುಡ್ ಫೋರ್ಕ್, ಮೊಂಟಾನಾ
ಮಾರ್ಚ್ 7, 1966

‘ಗಗನಪಾಲ’ ಕಾಮಿಕ್ಸಿನ ಚಿತ್ರಕಾರರಾದ ಮಿಸ್ಟರ್ ಗಿಲ್ ಫ್ಯಾರೊ ಅವರಿಗೆ,

ನಿಮಗೆ ಪತ್ರ ಬರೆಯುವವರೆಲ್ಲ ಹತ್ತು ಹನ್ನೆರಡು ವರ್ಷದವರಿರಬೇಕು. ನನಗೆ ಅರವತ್ತೇಳು. ಈ ಊರಿನಲ್ಲಿ ಗಣಿಯವರಿಗೂ ದನ ಕಾಯುವವರಿಗೂ ಬೂಟು, ದಪ್ಪ ಬಟ್ಟೆ ಮಾರುವ ಅಂಗಡಿ ನನ್ನದು. ಬಾಗಿಲ ಪಕ್ಕದಲ್ಲಿ ಪತ್ರಿಕೆಗಳನ್ನು ಸಿಕ್ಕಿಸುವ ಕಂಬಿಯಿದೆ. ಗಿರಾಕಿಗಳಿಲ್ಲದಾಗ ಅದರಲ್ಲಿರುವುದನ್ನೆಲ್ಲ ಓದುತ್ತೇನೆ, ನಿಮ್ಮ ಗಗನಪಾಲನನ್ನೂ ಬಿಡುವುದಿಲ್ಲ. ಮುಖವಾಡ ಹಾಕಿಕೊಂಡರೆ ಆಕಾಶದಲ್ಲಿ ಹಾರುವ, ಮುಖವಾಡ ತೆಗೆದರೆ ಟೆಲಿಫೋನ್ ಕಂಬ ಹತ್ತುವ ರಾಲ್ಫ್ ಡೆನ್ಬಿಯಾಗುವ ಆ ಮನುಷ್ಯನನ್ನು ಇಪ್ಪತ್ತೈದು ವರ್ಷದಿಂದ ಬಲ್ಲೆ.

ಇನ್ನೂರ ಹನ್ನೆರಡನೆಯ ಸಂಚಿಕೆ, ಹದಿನೇಳನೆಯ ಪುಟ. ಡೆನ್ಬಿ ತನ್ನನ್ನು ಸಾಕಿದ ಮೇಷ್ಟರ ಸಮಾಧಿಗೆ ಹೋಗುತ್ತಾನೆ. ಜೇಬಿನಿಂದ ಒಂದು ಸಣ್ಣ ಕಲ್ಲು ತೆಗೆದು ಸಮಾಧಿಯ ನೆತ್ತಿಯ ಮೇಲೆ ಇಡುತ್ತಾನೆ. ಹೊರಟುಹೋಗುತ್ತಾನೆ. ಹೂವಿನ ಸುಳಿವೇ ಇಲ್ಲ.

ನಿಂತುಕೊಂಡು ಓದುತ್ತಿದ್ದವಳು ಬೂಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಸಮಾಧಿಯ ಮೇಲೆ ಹೂವಿಡುವವರು ಯಾರು, ಕಲ್ಲಿಡುವವರು ಯಾರು ಎಂದು ನನಗೆ ಗೊತ್ತು. ಈ ಊರಿನಲ್ಲಿ ಅದು ಗೊತ್ತಿರುವವಳು ನಾನೊಬ್ಬಳೇ, ಏಕೆಂದರೆ ಇಲ್ಲಿ ಯಹೂದಿ ಅಂತ ಉಳಿದಿರುವವಳು ನಾನೊಬ್ಬಳೇ.

ಆದ್ದರಿಂದ ಕೇಳುತ್ತೇನೆ: ರಾಲ್ಫ್ ಡೆನ್ಬಿ ನಮ್ಮವನೇ? ಹೌದು ಅಥವಾ ಅಲ್ಲ, ಎರಡರಲ್ಲಿ ಒಂದು ಬರೆಯಿರಿ. ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಈ ವಿಷಯದಲ್ಲಿ ನನಗೂ ನನ್ನ ಗಂಡ ಹೈಮ್‌ಗೂ ಒಂದು ಹಳೆಯ ವಾದವಿದೆ.

ಇಂತಿ,
ಬ್ಲೂಮಾ ರೆಜ್ನಿಕ್


ನ್ಯೂಯಾರ್ಕ್
ಮಾರ್ಚ್ 21, 1966

ಮಾನ್ಯ ಮಿಸೆಸ್ ರೆಜ್ನಿಕ್,

ನಿಮ್ಮ ಪತ್ರಕ್ಕೆ ವಂದನೆಗಳು. ಆ ಬಡಪಾಯಿ ಕಲ್ಲಿನ ಬಗ್ಗೆ ಈ ತಿಂಗಳು ನಲವತ್ತೊಂದು ಪತ್ರ ಬಂದಿವೆ. ಅದು ಚಂದ್ರನಿಂದ ಬಿದ್ದದ್ದು ಎಂದು ಒಬ್ಬ ಹೇಳುತ್ತಾನೆ. ಖಳನಾಯಕ ಮೈ ಕುಗ್ಗಿಸಿಕೊಂಡು ಅದರೊಳಗೆ ಕೂತಿದ್ದಾನೆ ಎಂದು ಓಹಿಯೋದ ಹುಡುಗಿಯೊಬ್ಬಳ ವಾದ. ನಮ್ಮ ಕಥೆಗಾರರಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಸಂಪಾದಕರಿಗೆ ಬೇಸರ.

ನಿಜ ಸಂಗತಿ ಇಷ್ಟೇ. ಕಥೆಯಲ್ಲಿ ಹೂಗುಚ್ಛ ಎಂದೇ ಬರೆದಿತ್ತು. ಹೂ ಬರೆಯಲು ಹೊತ್ತು ಹಿಡಿಯುತ್ತದೆ, ಕಲ್ಲು ಒಂದು ಸುತ್ತಿನಲ್ಲಿ ಮುಗಿಯುತ್ತದೆ. ಪುಟ ಮುದ್ರಣಕ್ಕೆ ಹೋಗುವ ಅವಸರದಲ್ಲಿ ಹಾಗಾಯಿತು. ಪ್ರತಿ ಡಿಸೆಂಬರ್ ಸಂಚಿಕೆಯಲ್ಲೂ ಡೆನ್ಬಿ ವಾಸಿಸುವ ಮನೆಯಲ್ಲಿ ಕ್ರಿಸ್ಮಸ್ ಮರವಿರುವುದನ್ನು ತಾವು ಗಮನಿಸಿರಬಹುದು. ಗಗನಪಾಲ ಅಮೆರಿಕದ ಎಲ್ಲಾ ಮಕ್ಕಳಿಗೂ ಸೇರಿದವನು. ಅವನ ಧರ್ಮದ ಪ್ರಶ್ನೆ ನಮ್ಮ ಕಚೇರಿಯಲ್ಲಿ ಎಂದೂ ಎದ್ದಿಲ್ಲ.

ಸಹಿ ಮಾಡಿದ ಒಂದು ಚಿತ್ರ ಕಳುಹಿಸಿದ್ದೇನೆ. ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸಿ, ವಾದದಲ್ಲಿ ಅವರೇ ಗೆದ್ದಿರಬೇಕು.

ಗಿಲ್ ಫ್ಯಾರೊ


ಕಾಟನ್‌ವುಡ್ ಫೋರ್ಕ್
ಮಾರ್ಚ್ 27, 1966

ಮಿಸ್ಟರ್ ಫ್ಯಾರೊ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೂ ಬರೆಯಲು ಹೊತ್ತಿರಲಿಲ್ಲ ಎನ್ನುತ್ತೀರಿ. ಅದೇ ಚಿತ್ರಚೌಕದಲ್ಲಿ ಎಲೆ ಉದುರಿದ ಒಂದು ಮರವಿದೆ, ಅದರ ಒಂದೊಂದು ಕಡ್ಡಿಯನ್ನೂ ಬಿಡದೆ ಬರೆದಿದ್ದೀರಿ. ನಾನು ಎಣಿಸಿದೆ. ಅರವತ್ತಾದ ಮೇಲೆ ಬಿಟ್ಟೆ.

ನಾನೂ ನಿಮಗೆ ಎಲ್ಲವನ್ನೂ ಹೇಳಿರಲಿಲ್ಲ. ಹೈಮ್ ಹೋದ ಅಕ್ಟೋಬರಿನಲ್ಲಿ ತೀರಿಕೊಂಡ. ನಮ್ಮ ವಾದ ಡೆನ್ಬಿಯ ಬಗ್ಗೆಯಲ್ಲ, ನಮ್ಮ ಒಬ್ಬನೇ ಮಗ ಆಶರ್‌ನ ಬಗ್ಗೆ.

ಆಶರ್ 1944ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಹಿಮದಲ್ಲಿ ಸತ್ತ. ಹತ್ತೊಂಬತ್ತು ವರ್ಷ. ಸೈನಿಕರ ಕೊರಳಲ್ಲಿ ಲೋಹದ ಬಿಲ್ಲೆ ಇರುತ್ತಿತ್ತಲ್ಲ, ಅದರಲ್ಲಿ ಧರ್ಮಕ್ಕೊಂದು ಅಕ್ಷರ ಒತ್ತಿರುತ್ತಿದ್ದರು. ಜರ್ಮನರ ಕೈಗೆ ಸಿಕ್ಕಿದರೆ ನಮ್ಮ ಅಕ್ಷರ ಇದ್ದವನ ಗತಿ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಆಶರ್ ತನ್ನ ಬಿಲ್ಲೆ ಕಳೆದುಹೋಯಿತೆಂದು ಹೇಳಿ ಬೇರೆ ಮಾಡಿಸಿಕೊಂಡ. ಅದರಲ್ಲಿ ಕ್ರೈಸ್ತರ ಅಕ್ಷರ. ಇದು ನಮಗೆ ತಿಳಿದದ್ದು ಅವನು ಸತ್ತ ಮೇಲೆ, ಒಬ್ಬ ಪಾದ್ರಿಯ ಪತ್ರದಿಂದ. ಒಳ್ಳೆಯ ಮನುಷ್ಯ, ಮಗನನ್ನು ಕ್ರಿಸ್ತನ ಮಡಿಲಿಗೆ ಒಪ್ಪಿಸಿದೆನೆಂದು ನಮಗೆ ಸಮಾಧಾನ ಹೇಳಿ ಬರೆದಿದ್ದ. ಆಶರ್‌ನ ಸಮಾಧಿಯ ಮೇಲೆ ಇವತ್ತಿಗೂ ಶಿಲುಬೆಯಿದೆ.

ಮಗನ ಕೊನೆಯ ಕಾಗದದಲ್ಲಿ ಒಂದು ಸಾಲಿತ್ತು: “ಅಮ್ಮಾ, ಯಾರಾದ್ರೂ ನನ್ ಬಗ್ಗೆ ಏನಾದ್ರೂ ಹೇಳಿದ್ರೆ ಗಾಬರಿ ಆಗ್ಬೇಡ. ರಾಲ್ಫ್ ಡೆನ್ಬಿ ಮಾಡಿದ್ದನ್ನೇ ನಾನೂ ಮಾಡಿದೀನಿ. ಅಪ್ಪಂಗೆ ಅರ್ಥ ಆಗತ್ತೆ.”

ಅಪ್ಪನಿಗೆ ಅರ್ಥವಾಗಲಿಲ್ಲ. ಹೈಮ್ ಅಂಗಡಿಯಲ್ಲಿ ಮಾರದೆ ಉಳಿದಿದ್ದ 1943ರ ಡಿಸೆಂಬರ್ ಸಂಚಿಕೆ ತೆಗೆದು ಮೇಜಿನ ಮೇಲೆ ಕುಕ್ಕಿದ. “ನೋಡು, ಇವನೇ ಡೆನ್ಬಿ. ಮನೇಲಿ ಕ್ರಿಸ್ಮಸ್ ಮರ ಇಟ್ಕೊಂಡೋನು. ನಿನ್ ಮಗ ಇವನ ಥರ ಆದ್ನಂತೆ. ಇದರಲ್ಲಿ ಅರ್ಥ ಆಗ್ದೇ ಇರೋದೇನಿದೆ?” ಸತ್ತವರಿಗಾಗಿ ಮಗ ಅಪ್ಪನಿಗೆ, ಅಪ್ಪ ಮಗನಿಗೆ ಹೇಳಬೇಕಾದ ಕದ್ದಿಶ್ ಪ್ರಾರ್ಥನೆಯನ್ನು ಹೈಮ್ ಒಂದು ದಿನವೂ ಹೇಳಲಿಲ್ಲ.

ವಾಷಿಂಗ್ಟನ್ನಿಗೆ ನಾನೊಂದು ಅರ್ಜಿ ಹಾಕಿದರೆ ಸಾಕು, ಶಿಲುಬೆ ತೆಗೆದು ನಮ್ಮ ನಕ್ಷತ್ರ ನಿಲ್ಲಿಸುತ್ತಾರೆ. ಅರ್ಜಿ ನನ್ನ ಬಳಿಯೇ ಇದೆ. ಆದರೆ ಅವನಾಗಿ ತೆಗೆದು ಎಸೆದದ್ದನ್ನು ನಾನು ಅವನ ತಲೆಯ ಮೇಲೆ ನಿಲ್ಲಿಸಬಹುದೇ? ಬೇಡ ಎನ್ನಲು ಸತ್ತವನಿಗೆ ಬಾಯಿಲ್ಲ.

ಡೆನ್ಬಿ ನಿಜವಾಗಿ ಡೆನ್ಬಿಯೇ ಆಗಿದ್ದರೆ ನನ್ನ ಮಗ ನಮ್ಮನ್ನು ಬಿಟ್ಟು ಹೋದ. ಡೆನ್ಬಿ ಅಡಗಿಕೊಂಡ ಯಹೂದಿಯಾಗಿದ್ದರೆ ನನ್ನ ಮಗ ಅಡಗಿಕೊಂಡಿದ್ದ, ಅಷ್ಟೇ. ಈಗ ಹೇಳಿ.

ಬ್ಲೂಮಾ ರೆಜ್ನಿಕ್


ನ್ಯೂಯಾರ್ಕ್
ಏಪ್ರಿಲ್ 1, 1966

ಪ್ರಿಯ ಮಿಸೆಸ್ ರೆಜ್ನಿಕ್,

ಉತ್ತರ: ಹೌದು.

1940ರಲ್ಲಿ ರಾಲ್ಫ್ ಡೆನ್ಬಿಯನ್ನು ಮೊದಲ ಸಲ ಬರೆದ ದಿನವೇ ಅವನು ನಮ್ಮವನೆಂದು ನನಗೆ ಗೊತ್ತಿತ್ತು. ಹೊರಗೆ ಹೇಳುವಂತಿರಲಿಲ್ಲ. ಹಾಗಾಗಿ ಅಲ್ಲೊಂದು ಇಲ್ಲೊಂದು ಗುರುತು ಬಿಡುತ್ತಾ ಬಂದೆ, ಕಣ್ಣಿದ್ದವರು ಕಾಣಲಿ ಎಂದು. ಕ್ರಿಸ್ಮಸ್ ಮರ ಬರೀ ವೇಷ. ನಿಮ್ಮ ಆಶರ್‌ಗೆ ಆ ಕಣ್ಣಿತ್ತು. ಅವನು ಹೇಳಿದ್ದರ ಅರ್ಥ ಒಂದೇ: ನಾನು ಅಡಗಿಕೊಂಡಿದ್ದೇನೆ, ಬಿಟ್ಟುಹೋಗಿಲ್ಲ.

ಅರ್ಜಿಯನ್ನು ನಿಶ್ಚಿಂತೆಯಿಂದ ಕಳುಹಿಸಿ.

ನಿಮ್ಮ
ಗಿಲ್ ಫ್ಯಾರೊ


ಕಾಟನ್‌ವುಡ್ ಫೋರ್ಕ್
ಏಪ್ರಿಲ್ 7, 1966

ಪ್ರಿಯ ಗಿಲ್,

ನಿಮ್ಮ ಕಾಗದ ಪೆಸಾಖ್ ಹಬ್ಬದ ನಡುವೆ ಬಂತು. ಮಿನಿಯಾಪೊಲಿಸ್ಸಿನಿಂದ ರೈಲಿನಲ್ಲಿ ಬರುವ ನನ್ನ ಹಬ್ಬದ ರೊಟ್ಟಿ ಪ್ರತಿವರ್ಷ ಚೂರುಚೂರಾಗಿ ಬರುತ್ತದೆ. ಈ ವರ್ಷ ಒಂದೂ ಮುರಿದಿರಲಿಲ್ಲ. ಆಗಲೇ ಅಂದುಕೊಂಡೆ, ಏನೋ ಒಳ್ಳೆಯದಾಗುತ್ತದೆ ಎಂದು.

ಓದಿದ ಮೇಲೆ ಅಂಗಡಿಗೆ ಬೀಗ ಹಾಕಿ ನದಿಯವರೆಗೆ ನಡೆದುಕೊಂಡು ಹೋದೆ. ಹಿಮ ಕರಗುತ್ತಿತ್ತು. ಇಪ್ಪತ್ತೆರಡು ವರ್ಷ ನನ್ನ ಮಗನ ಹೆಸರನ್ನು ಮನೆಯಲ್ಲಿ ಪಿಸುಗುಟ್ಟಿದ್ದೇನೆ. ಅವತ್ತು ನದಿಯ ದಂಡೆಯಲ್ಲಿ ಗಟ್ಟಿಯಾಗಿ ಕೂಗಿದೆ. ಆಚೆ ದಡದಲ್ಲಿ ಒಂದು ಜಿಂಕೆ ತಲೆಯೆತ್ತಿ ನೋಡಿತು.

ಮನೆಗೆ ಬಂದು ಹೈಮ್‌ನ ಪಟದ ಮುಂದೆ ನಿಂತು ವಾದ ಗೆದ್ದೆ ಎಂದು ಹೇಳಿದೆ. ಗೆದ್ದರೇನು, ಸೋತವನು ಎದುರಿಗಿಲ್ಲ.

ಅರ್ಜಿ ತುಂಬಿದ್ದೇನೆ. ಹಬ್ಬ ಮುಗಿದ ಮೇಲೆ, ಬುಧವಾರ ಬೆಳಿಗ್ಗೆ ಅಂಚೆಗೆ ಹಾಕುತ್ತೇನೆ. ಅಲ್ಲಿಯವರೆಗೆ ಒಂದು ಆಸೆ: ಡೆನ್ಬಿಗೆ ತಂದೆತಾಯಿ ಇಟ್ಟ ಹೆಸರೇನು? ನಿಮಗೆ ಗೊತ್ತೇ ಇರಬೇಕು. ಹಾಗೆಯೇ ನಿಮ್ಮದೇನು? ಫ್ಯಾರೊ ಅಂತೂ ಅಲ್ಲ.

ನಿಮ್ಮ
ಬ್ಲೂಮಾ


ತಂತಿ
ನ್ಯೂಯಾರ್ಕ್, ಏಪ್ರಿಲ್ 12, 1966

ಅರ್ಜಿ ಹಾಕಬೇಡಿ. ಪತ್ರ ಬರುತ್ತಿದೆ. ಕ್ಷಮಿಸಿ. ಫ್ಯಾರೊ.


ನ್ಯೂಯಾರ್ಕ್
ಏಪ್ರಿಲ್ 12, 1966

ಮಿಸೆಸ್ ರೆಜ್ನಿಕ್,

ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ಸಂಕಟ ನೋಡಲಾರದೆ ಹೇಳಿದೆ ಎಂದರೆ ಅದೂ ಅರ್ಧ ಸುಳ್ಳು. ಒಂದು ‘ಹೌದು’ ಬರೆದು ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಸೋತವನು ಎದುರಿಗಿಲ್ಲ ಎಂಬ ಸಾಲು ಓದಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಡೆನ್ಬಿಗೆ ತಂದೆತಾಯಿ ಇಟ್ಟ ಹೆಸರು ನನಗೆ ಗೊತ್ತಿಲ್ಲ. ಅವನಿಗೆ ಅಂಥದ್ದೊಂದು ಹೆಸರಿರಬಹುದೆಂದು ಒಂದು ದಿನವೂ ಯೋಚಿಸಿಲ್ಲ.

ನನ್ನದು ಗೊತ್ತಿದೆ. ಗೆರ್ಶೋನ್ ಫಾರ್ಬರ್. ನಮ್ಮ ಕಚೇರಿಯಲ್ಲಿ ಹುಟ್ಟಿದ ಹೆಸರಿನಲ್ಲೇ ಬದುಕುತ್ತಿರುವವರು ಇಬ್ಬರೇ, ನನ್ನ ಪೆನ್ಸಿಲ್ ಗೆರೆಗೆ ಮಸಿ ಹಾಕುವ ಸಾಲ್ ಬೆಲ್ಲೊಮೊ ಮತ್ತು ಲಿಫ್ಟ್ ನಡೆಸುವ ಐರಿಷ್ ಮುದುಕ. ಉಳಿದವರೆಲ್ಲ ಬೆಳಿಗ್ಗೆ ಎದ್ದು ಮುಖವಾಡ ಹಾಕಿಕೊಂಡೇ ಬರುತ್ತೇವೆ. ಹಾರಲು ಮಾತ್ರ ಬರುವುದಿಲ್ಲ.

ನನ್ನ ಅಪ್ಪ ಬ್ರೂಕ್ಲಿನ್ನಿನಲ್ಲಿ ಅಂಗಡಿ ಫಲಕ ಬರೆಯುತ್ತಿದ್ದ. ಕೈಯಲ್ಲಿ ಕುಂಚ ಹಿಡಿಸಿದವನು ಅವನೇ. 1939ರಲ್ಲಿ ಫ್ಯಾರೊ ಎಂದು ಸಹಿ ಮಾಡಿದ ಮೊದಲ ಚಿತ್ರ ತೋರಿಸಿದಾಗ ಬಹಳ ಹೊತ್ತು ನೋಡಿದ. “ಅಕ್ಷರ ಚೆನ್ನಾಗಿದೆ,” ಅಂದ. ಆಮೇಲೆ, “ನಾನು ಸತ್ರೆ ಕದ್ದಿಶ್ ಯಾರ್ ಹೇಳ್ತಾರೆ, ಮಿಸ್ಟರ್ ಫ್ಯಾರೊ ಬರ್ತಾರಾ?” ಅಂದ. ತಮಾಷೆಗೆ ಅಂದನೆಂದು ನಕ್ಕುಬಿಟ್ಟೆ.

1943ರ ಜನವರಿಯಲ್ಲಿ ಹೋದ. ಹೂಳುವ ದಿನ ಹೋಗಿದ್ದೆ. ಏಳು ದಿನ ನೆಲದ ಮೇಲೆ ಕೂತು ದುಃಖ ಆಚರಿಸಬೇಕಿತ್ತು, ಮಾರನೆಯ ದಿನವೇ ಮೇಜಿನ ಮುಂದೆ ಕೂತು ಇಪ್ಪತ್ತೊಂಬತ್ತನೆಯ ಸಂಚಿಕೆ ಬರೆದೆ. ಮಿಸ್ಟರ್ ಫ್ಯಾರೊ ಕದ್ದಿಶ್ ಹೇಳಲು ಹೋಗಲಿಲ್ಲ. ಗೆರ್ಶೋನ್ ಕೂಡ. ಅಪ್ಪನ ಸಮಾಧಿಗೆ ನಾನು ಮತ್ತೆ ಕಾಲಿಟ್ಟಿಲ್ಲ. ಡೆನ್ಬಿಯ ಕೈಯಲ್ಲಿ ಕಲ್ಲು ಹೇಗೆ ಬಂತೆಂದು ಕೇಳಿದರೆ ದೇವರಾಣೆಗೂ ಗೊತ್ತಿಲ್ಲ. ಹೂ ಬರೆಯಲೆಂದು ಪೆನ್ಸಿಲ್ ಇಟ್ಟೆ. ಅಚ್ಚಾಗಿ ಬಂದಾಗ ನೋಡುತ್ತೇನೆ, ಕಲ್ಲು.

ನಿಮ್ಮ ಮಗ ಡೆನ್ಬಿಯಲ್ಲಿ ಏನು ಕಂಡನೋ ನನಗೆ ತಿಳಿಯದು. ನಾನು ಅಲ್ಲಿ ಏನನ್ನೂ ಇಟ್ಟಿರಲಿಲ್ಲ.

ಗೆರ್ಶೋನ್ ಫಾರ್ಬರ್


ಕಾಟನ್‌ವುಡ್ ಫೋರ್ಕ್
ಏಪ್ರಿಲ್ 19, 1966

ಮಿಸ್ಟರ್ ಫ್ಯಾರೊ,

ಅರ್ಜಿ ಹರಿದು ಹಾಕಿದ್ದೇನೆ.

ನಿಜ ಹೇಳಿದಿರಿ, ಒಳ್ಳೆಯದು. ಮೊದಲೇ ಹೇಳಿದ್ದರೆ ನನ್ನ ಮಗ ಒಂದೇ ಸಲ ಸತ್ತಿರುತ್ತಿದ್ದ. ನೀವು ಹನ್ನೊಂದು ದಿನ ಬದುಕಿಸಿ ಮತ್ತೆ ಕೊಂದಿರಿ.

ಇನ್ನು ಬರೆಯಬೇಡಿ.

ಬಿ. ರೆಜ್ನಿಕ್


ನ್ಯೂಯಾರ್ಕ್
ಆಗಸ್ಟ್ 29, 1966

ಮಿಸೆಸ್ ರೆಜ್ನಿಕ್,

ಬರೆಯಬೇಡಿ ಎಂದಿದ್ದೀರಿ. ನಾಲ್ಕು ತಿಂಗಳು ಬರೆಯಲಿಲ್ಲ. ಈಗ ಬರೆಯದಿದ್ದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಓದಿ ಒಲೆಗೆ ಹಾಕಿ, ಬೇಸರವಿಲ್ಲ.

ಅಲ್ಲಿ ಏನನ್ನೂ ಇಟ್ಟಿರಲಿಲ್ಲ ಎಂದು ನಿಮಗೆ ಬರೆದ ಮಾತು ನನ್ನನ್ನು ಕೊರೆಯುತ್ತಿತ್ತು. ನೋಡದೆ ಹೇಳಿದ ಮಾತು ಅದು. ಕಚೇರಿಯ ಕಪಾಟಿನಲ್ಲಿ ಪ್ರತಿ ಸಂಚಿಕೆಯದೂ ಒಂದೊಂದು ಪ್ರತಿಯಿದೆ. ಈ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಒಂದನೆಯ ಸಂಚಿಕೆಯಿಂದ ನೋಡುತ್ತಾ ಬಂದೆ. ಸಂಪಾದಕರು ಬಾಗಿಲಲ್ಲಿ ನಿಂತು, “ಏನಯ್ಯಾ, ನಿನ್ ಚಿತ್ರಕ್ಕೆ ನೀನೇ ಮರುಳಾದ್ಯಾ?” ಎಂದು ರೇಗಿಸಿದರು.

ಪ್ರತಿ ಸಂಚಿಕೆಯಲ್ಲೂ ತಪ್ಪದೆ ಬರುವ ಒಂದು ಚಿತ್ರಚೌಕವಿದೆ, ನಿಮಗೂ ಗೊತ್ತು. ಎಲ್ಲೋ ಅನಾಹುತವಾಗಿದೆ ಎಂದು ರೇಡಿಯೊ ಕೂಗುತ್ತದೆ, ಡೆನ್ಬಿ ತನ್ನ ಕೋಣೆಯ ಬಾಗಿಲು ತೆಗೆದು ಹೊರಗೆ ಓಡುತ್ತಾನೆ. ಮುಂದಿನ ಚೌಕದಲ್ಲಿ ಅವನು ಗಗನಪಾಲ. ಬಾಗಿಲಿನ ಚೌಕವನ್ನು ಯಾರೂ ನಿಂತು ನೋಡುವುದಿಲ್ಲ. ನಾನಂತೂ ನೋಡಿಯೇ ಇರಲಿಲ್ಲ.

ಮೊದಲ ಇಪ್ಪತ್ತೆಂಟು ಸಂಚಿಕೆಯಲ್ಲಿ ಅವನು ಸುಮ್ಮನೆ ಓಡುತ್ತಾನೆ. ಇಪ್ಪತ್ತೊಂಬತ್ತರಲ್ಲಿ ಹೊಸ್ತಿಲು ದಾಟುವಾಗ ಅವನ ಎಡಗೈ ಬಾಗಿಲ ಚೌಕಟ್ಟನ್ನು ಮುಟ್ಟುತ್ತದೆ. ಭುಜದ ಎತ್ತರದಲ್ಲಿ, ಬೆರಳ ತುದಿಯಿಂದ. ಮೂವತ್ತರಲ್ಲೂ ಹಾಗೆಯೇ. ಮೂವತ್ತೊಂದರಲ್ಲೂ. ಮಿಸೆಸ್ ರೆಜ್ನಿಕ್, ಇನ್ನೂರ ಹನ್ನೆರಡರವರೆಗೆ ನೋಡಿದೆ. ನೂರ ಎಂಬತ್ತನಾಲ್ಕು ಸಲ ಹೊರಗೆ ಹೋಗಿದ್ದಾನೆ, ನೂರ ಎಂಬತ್ತನಾಲ್ಕು ಸಲವೂ ಮುಟ್ಟಿದ್ದಾನೆ. ಹನ್ನೊಂದು ಕಡೆ ಅವನ ಎಡಗೈಯಲ್ಲಿ ಉಪಕರಣದ ಚೀಲವಿತ್ತು. ಹನ್ನೊಂದು ಕಡೆಯೂ ಚೀಲವನ್ನು ಬಲಗೈಗೆ ಬದಲಾಯಿಸಿಕೊಂಡು ಮುಟ್ಟಿದ್ದಾನೆ. ಅದಕ್ಕೆಂದೇ ಒಂದು ಚೌಕ ಹೆಚ್ಚು ಬರೆದಿದ್ದೇನೆ. ಕಥೆಯಲ್ಲಿ ಬೇರೆ ಯಾರೂ, ಬೇರೆ ಯಾವ ಬಾಗಿಲಲ್ಲೂ ಹಾಗೆ ಮಾಡುವುದಿಲ್ಲ.

ಸಾಲ್‌ನನ್ನು ಕರೆದು ತೋರಿಸಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. “ಇದಾ? ಇದು ಡೆನ್ಬಿ ಅಭ್ಯಾಸ ಅಲ್ವಾ? ಇಪ್ಪತ್ ವರ್ಷದಿಂದ ಮಸಿ ಹಾಕ್ತಿದೀನಿ. ನಮ್ಮಮ್ಮ ಚರ್ಚಿಗೆ ಹೋದ್ರೆ ಬಾಗಿಲಲ್ಲಿರೋ ಪವಿತ್ರ ನೀರು ಮುಟ್ದೇ ಇರಲ್ಲ. ಅಂಥದ್ದೇ ಏನೋ ಅನ್ಕೊಂಡಿದ್ದೆ. ಯಾಕೆ, ನಿಂಗ್ ಗೊತ್ತಿರ್ಲಿಲ್ವಾ?”

ನಮ್ಮ ಹಳೆಯ ಮನೆಯ ಬಾಗಿಲ ಚೌಕಟ್ಟಿಗೆ ಬೆರಳುದ್ದದ ತವರದ ಡಬ್ಬಿ, ಮೆಝೂಜಾ, ಇತ್ತು, ನಮ್ಮವರೆಲ್ಲರ ಮನೆಯಲ್ಲೂ ಇರುವಂತೆ ತುಸು ಓರೆಯಾಗಿ ಹೊಡೆದದ್ದು. ಒಳಗೆ ದೇವರ ಮಾತು ಬರೆದ ಸುರುಳಿ. ಒಳಗೆ ಬರುವವರ ಬಲಕ್ಕೆ, ಹೊರಗೆ ಹೋಗುವವರ ಎಡಕ್ಕೆ. ಮುಟ್ಟದೆ ಹೊಸ್ತಿಲು ದಾಟಿದರೆ ಅಪ್ಪ ಒಳಗಿನಿಂದಲೇ, “ಲೋ, ಏನೋ ಮರ್ತೆ!” ಎಂದು ಕೂಗುತ್ತಿದ್ದ. ನನ್ನ ಈಗಿನ ಮನೆಯ ಬಾಗಿಲಲ್ಲಿ ಅದಿಲ್ಲ. ನಾನು ಇಪ್ಪತ್ತೇಳು ವರ್ಷದಿಂದ ಏನನ್ನೂ ಮುಟ್ಟದೆ ಹೊರಗೆ ಹೋಗುತ್ತಿದ್ದೇನೆ. ಅವನು ಮಾತ್ರ ಒಂದು ಸಲವೂ ಮರೆತಿಲ್ಲ.

ನನಗೆ ಭಯವಾಗುತ್ತಿದೆ, ಸಂತೋಷವೂ ಆಗುತ್ತಿದೆ. ಈ ಕೈ ನನ್ನದು ಎಂದು ಇಷ್ಟು ವರ್ಷ ನಂಬಿದ್ದೆ.

ಆದರೆ ಇದರಿಂದ ನಿಮ್ಮ ಆಶರ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನಾನು ಬರೆದದ್ದು ಕೈಯನ್ನು ಮಾತ್ರ, ಮೆಝೂಜಾ ಎಲ್ಲಿಯೂ ಬರೆದಿಲ್ಲ. ಓದುವವರಿಗೆ ಕಾಣುವುದು ಬರಿಯ ಚೌಕಟ್ಟು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ. ಹೊಟ್ಟೆಗೆ ಹಾಕಿಕೊಳ್ಳಿ.

ಗೆರ್ಶೋನ್ ಫಾರ್ಬರ್


ಕಾಟನ್‌ವುಡ್ ಫೋರ್ಕ್
ಸೆಪ್ಟೆಂಬರ್ 11, 1966

ಗೆರ್ಶೋನ್,

ನಿನ್ನನ್ನು ಇನ್ನು ಮೇಲೆ ‘ನೀವು’ ಎನ್ನಲಾರೆ, ಸುಮ್ಮನೆ ಸಹಿಸಿಕೋ.

ನಿನ್ನ ಕಾಗದ ಬಂದ ದಿನ ಓದದೆ ಹಿಟ್ಟಿನ ಡಬ್ಬಿಯ ಕೆಳಗಿಟ್ಟೆ. ಮೂರು ದಿನ ರೊಟ್ಟಿಯನ್ನೇ ಮಾಡಲಿಲ್ಲ. ನಾಲ್ಕನೆಯ ದಿನ ಹಸಿವು ಗೆದ್ದಿತು, ಓದಿದೆ.

ಆಶರ್ ಸತ್ತ ಮೇಲೆ ಸೈನ್ಯದವರು ಅವನ ಸಾಮಾನಿನ ಒಂದು ಪೆಟ್ಟಿಗೆ ಕಳುಹಿಸಿದ್ದರು. ಆಗ ನಾನು ಮೇಲಿದ್ದ ಗಡಿಯಾರ, ಉಣ್ಣೆಯ ಕಾಲುಚೀಲ ತೆಗೆದುಕೊಂಡು ಮುಚ್ಚಿದ್ದೆ. ಅಡಿಯಲ್ಲಿ ಕಾಮಿಕ್ಸ್ ಇರುವುದು ಕಂಡಿತ್ತು. ಮಗನನ್ನು ಕಳೆದುಕೊಂಡ ತಾಯಿ ಬಣ್ಣದ ಪುಸ್ತಕ ತೆರೆದು ನೋಡುತ್ತಾಳೆಯೇ? ಹೈಮ್ ಅಂತೂ ಆ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಅದು ಮೆಟ್ಟಿಲ ಕೆಳಗಿತ್ತು. ನಿನ್ನ ಕಾಗದ ಓದಿದ ಮಧ್ಯಾಹ್ನ ಅದನ್ನು ಎಳೆದು ಕಿಟಕಿಯ ಬೆಳಕಿಗೆ ತಂದೆ. ಒಂಬತ್ತು ಗಗನಪಾಲ. ಒದ್ದೆಯಾಗಿ ಒಣಗಿ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಬೆಣ್ಣೆ ಹಚ್ಚುವ ಚಾಕುವಿನಿಂದ ಬಿಡಿಸಿದೆ.

ಬಾಗಿಲಿನ ಚೌಕ ಹುಡುಕಿದೆ. ಕೈಯಿತ್ತು, ನೀನು ಹೇಳಿದ ಹಾಗೆಯೇ. ಕೈಯ ಕೆಳಗಿದ್ದ ಚೌಕಟ್ಟು ಬರಿದಾಗಿರಲಿಲ್ಲ, ಗೆರ್ಶೋನ್.

ಯಾರೋ ಪೆನ್ಸಿಲಿನಿಂದ ಅಲ್ಲೊಂದು ಸಣ್ಣ ಗುರುತು ಬರೆದಿದ್ದಾರೆ. ಅಕ್ಕಿಕಾಳಿನಷ್ಟು. ಕಲೆಯಿರಬೇಕೆಂದು ಮೊದಲು ಬೆರಳಿನಿಂದ ಒರೆಸಿದೆ, ಹೋಗಲಿಲ್ಲ. ಹೈಮ್‌ನ ಭೂತಗನ್ನಡಿ ತಂದು ನೋಡಿದೆ. ಓರೆಯಾಗಿ ಹೊಡೆದ ಪುಟ್ಟ ಮೆಝೂಜಾ. ಅದರ ಮೇಲೆ ಇರಬೇಕಾದ ಅಕ್ಷರ ಕೂಡ ಇದೆ, ಮೂರು ಕಡ್ಡಿಯ ನಮ್ಮ ಶಿನ್. ಆ ಅಕ್ಷರ ಬರೆಯಲು ಅವನಿಗೆ ಕಲಿಸಿದವಳು ನಾನು. ನಡುವಿನ ಕಡ್ಡಿಯನ್ನು ಯಾವಾಗಲೂ ಗಿಡ್ಡ ಮಾಡುತ್ತಿದ್ದ. ಇಲ್ಲಿಯೂ ಗಿಡ್ಡವಾಗಿದೆ.

ಒಂಬತ್ತರಲ್ಲೂ ಇದೆ. ಒಂದನ್ನೂ ಬಿಟ್ಟಿಲ್ಲ. 1943ರ ಡಿಸೆಂಬರ್ ಸಂಚಿಕೆಯೂ ಅದರಲ್ಲಿತ್ತು, ಹೈಮ್ ನನ್ನ ಮುಂದೆ ಮೇಜಿನ ಮೇಲೆ ಕುಕ್ಕಿದ್ದ ಸಂಚಿಕೆಯದೇ ಇನ್ನೊಂದು ಪ್ರತಿ. ಡೆನ್ಬಿಯ ಬೆನ್ನ ಹಿಂದೆ ದೀಪ ಹಚ್ಚಿದ ಕ್ರಿಸ್ಮಸ್ ಮರ, ಮುಂದೆ ಬಾಗಿಲು. ಅಲ್ಲಿ ನನ್ನ ಮಗ ಪೆನ್ಸಿಲನ್ನು ಒತ್ತಿ ಒತ್ತಿ ಬರೆದಿದ್ದಾನೆ, ಹಾಳೆಯ ಹಿಂಭಾಗದಲ್ಲಿ ಉಬ್ಬು ಕೈಗೆ ಸಿಗುತ್ತದೆ. ಅದೇ ಪುಟವನ್ನು ಅಪ್ಪ ನೋಡಿದ, ಮಗನೂ ನೋಡಿದ. ಅಪ್ಪನಿಗೆ ಮರ ಕಂಡಿತು.

ಪುಸ್ತಕವನ್ನು ಎದೆಗೆ ಅವುಚಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಅಳಲಿಲ್ಲ. ನೀನು ಬ್ರೂಕ್ಲಿನ್ನಿನಲ್ಲಿ ಅಪ್ಪನನ್ನು ಹೂಳಿ ಬಂದು, ಏನು ಬರೆಯುತ್ತಿದ್ದೇನೆಂದು ತಿಳಿಯದೆ ಬರೆದೆ. ಸಾವಿರಾರು ಮೈಲಿ ದೂರದಲ್ಲಿ ಸೈನಿಕರ ನಡುವೆ ಕೂತ ಒಬ್ಬ ಹುಡುಗ ಅದು ಏನೆಂದು ತಿಳಿದುಕೊಂಡ. ನೀನು ಬಿಟ್ಟದ್ದನ್ನು ತುಂಬಿದ. ನಿಮ್ಮಿಬ್ಬರಿಗೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ. ಇದಕ್ಕೆ ಏನನ್ನಬೇಕು? ನನಗೆ ದೇವರ ಬಗ್ಗೆ ಬಹಳ ದೂರುಗಳಿವೆ. ಇದೊಂದು ವಾರ ಅವನ್ನು ಬದಿಗಿಟ್ಟಿದ್ದೇನೆ.

ವಾಷಿಂಗ್ಟನ್ನಿಗೆ ಹೊಸ ಅರ್ಜಿಯನ್ನು ನಾನೇ ಕೈಯಾರೆ ಬರೆದು ಶುಕ್ರವಾರ ಅಂಚೆಗೆ ಹಾಕಿದೆ. ಯಾರನ್ನೂ ಕೇಳಲಿಲ್ಲ. ನನ್ನ ಮಗ ತಾನೇ ಉತ್ತರ ಕೊಟ್ಟಿದ್ದಾನೆ.

ಇನ್ನು ಒಂದು ಉಳಿದಿದೆ. ಆಶರ್‌ಗೆ ಕದ್ದಿಶ್ ಹೇಳಬೇಕು. ಅದಕ್ಕೆ ಹತ್ತು ಗಂಡಸರು ಸೇರಬೇಕು. ನಮ್ಮ ಊರಿನಲ್ಲಿ ನಾನು ಮತ್ತು ನನ್ನ ಬೆಕ್ಕು. ಅವನ ತಿಥಿ ಈ ವರ್ಷ ಡಿಸೆಂಬರ್ ಹದಿನೈದಕ್ಕೆ ಬರುತ್ತದೆ. ಅವನ ಪೂರ್ತಿ ಹೆಸರು ಆಶರ್, ಹೈಮ್‌ನ ಮಗ. ಹೋಗುತ್ತೀಯಾ?

ಬ್ಲೂಮಾ


ಬ್ರೂಕ್ಲಿನ್
ಡಿಸೆಂಬರ್ 15, 1966

ಪ್ರಿಯ ಮಿಸೆಸ್ ರೆಜ್ನಿಕ್,

ನಕ್ಷತ್ರವನ್ನು ವಸಂತದಲ್ಲಿ ನಿಲ್ಲಿಸುತ್ತಾರೆಂದು ವಾಷಿಂಗ್ಟನ್ನಿನವರು ಬರೆದದ್ದನ್ನು ತಿಳಿಸಿದಿರಲ್ಲ, ಆ ನಿಮ್ಮ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಇವತ್ತು ಬೆಳಿಗ್ಗೆ ಹೋದೆ.

ನಾನು ಹುಟ್ಟಿದ ಬೀದಿಯ ಸಿನಗಾಗಿಗೇ, ನಮ್ಮ ಹಳೆಯ ಪ್ರಾರ್ಥನಾಮಂದಿರಕ್ಕೇ, ಹೋದೆ. ಅಪ್ಪ ಬರೆದ ಫಲಕ ಇನ್ನೂ ಬಾಗಿಲ ಮೇಲಿದೆ, ಬಣ್ಣ ಸ್ವಲ್ಪ ಎದ್ದಿದೆ. ಹಿಮ ಬೀಳುತ್ತಿತ್ತು. ಒಳಗೆ ಹೋಗಲು ಧೈರ್ಯ ಸಾಲದೆ ಎದುರಿನ ಬೇಕರಿಯ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದೆ. ಬಾಗಿಲು ತೆರೆಯಿತು. ಶಾಲು ಹೊದ್ದ ಒಬ್ಬ ಮುದುಕ ತಲೆ ಹೊರಗೆ ಹಾಕಿದ.

“ಏನಪ್ಪಾ, ಹಿಮ ಎಣಿಸ್ತಿದೀಯಾ? ಯಹೂದಿ ತಾನೇ?”

ನಲವತ್ತೆಂಟು ವರ್ಷದಲ್ಲಿ ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. “ಹೌದು,” ಅಂದೆ.

“ಹಾಗಾದ್ರೆ ಬಾರಯ್ಯಾ ಒಳಗೆ! ಅರ್ಧ ಗಂಟೆಯಿಂದ ಒಂಬತ್ ಜನ ಚಳೀಲಿ ಕೂತಿದೀವಿ, ಹತ್ತನೇವ್ನು ಸಿಗ್ಲಿ ಅಂತ.”

ಹತ್ತನೆಯವನು ನಾನು. ನಾನು ಬರುವವರೆಗೆ ಅವರು ಪ್ರಾರ್ಥನೆಯನ್ನೇ ಶುರುಮಾಡುವಂತಿರಲಿಲ್ಲ. ಹೊಸ್ತಿಲಲ್ಲಿ ಕೈಯೆತ್ತಿ ಮುಟ್ಟಿದೆ. ಬರುವವರ ಬಲಕ್ಕೆ.

ಕದ್ದಿಶ್ ಹೇಳುವವರು ಏಳಿ ಎಂದಾಗ ಎದ್ದವನು ನಾನೊಬ್ಬನೇ. “ಯಾರಿಗೆ?” ಎಂದು ಮುದುಕ ಕೇಳಿದ. “ಆಶರ್, ಹೈಮ್‌ನ ಮಗ,” ಅಂದೆ. “ನಿನಗೇನಾಗ್ಬೇಕು?” ಅಂದ. “ನಾವಿಬ್ರೂ ಸೇರಿ ಒಂದ್ ಚಿತ್ರ ಬರ್ದಿದ್ವಿ,” ಅಂದೆ. ಅವನು ಪುಸ್ತಕದಲ್ಲಿ ಪುಟ ತೆಗೆದುಕೊಟ್ಟ.

ಪುಟ ಬೇಕಾಗಲಿಲ್ಲ, ಮಿಸೆಸ್ ರೆಜ್ನಿಕ್. ಬಾಯಿ ತೆರೆದೆ, ಮಾತುಗಳು ತಾವೇ ಬಂದವು, ಒಂದೂ ತಪ್ಪಲಿಲ್ಲ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಪ್ಪನದರ ಹಾಗಿತ್ತು. ಪ್ರತಿ ಸಾಲಿಗೂ ಒಂಬತ್ತು ಮುದುಕರು ಒಟ್ಟಿಗೆ ಆಮೆನ್ ಅಂದರು. ಎಂದೂ ನೋಡಿರದ ನಿಮ್ಮ ಹುಡುಗನಿಗೆ, ಅವನ ಕೊರಳಲ್ಲಿ ಯಾವ ಅಕ್ಷರವಿತ್ತು, ತಲೆಯ ಮೇಲೆ ಯಾವ ಗುರುತು ನಿಂತಿದೆ ಎಂದು ಒಬ್ಬರೂ ಕೇಳದೆ ಆಮೆನ್ ಅಂದರು. ಕಿಟಕಿಯ ಗಾಜು ನಡುಗಿತು.

ಮುಗಿದ ಮೇಲೆ ಒಂದು ಚೂರು ಕೇಕು, ಬೆರಳಷ್ಟು ವಿಸ್ಕಿ ಕೊಟ್ಟರು. ನಾನು ಕೋಟು ಹಾಕಿಕೊಳ್ಳುವಾಗ ಆ ಮುದುಕ ಬಾಗಿಲಿಗೆ ಅಡ್ಡ ಬಂದು ನಿಂತ.

“ನಿಮ್ಮಪ್ಪ ಇದಾರಾ?”

“ಇಲ್ಲ,” ಅಂದೆ.

“ಹಾಗಾದ್ರೆ ನಾಳೆ ಬಾ,” ಅಂದ.

ಹೋಗುತ್ತೇನೆ.

ನಿಮ್ಮ
ಗೆರ್ಶೋನ್